ತಾಳ್ಮೆಯಾಟ: ಒಬ್ಬರೇ ಆಡುವ ಇಸ್ಪೀಟಿನ ಕಥೆ

ಮಧ್ಯಾಹ್ನದ ವಾರ್ತೆ ಮುಗಿದು, ರೇಡಿಯೋವನ್ನು ಆರಿಸಿ, ಮನೆಯವರೆಲ್ಲ ತಮ್ಮ ತಮ್ಮ ಕೆಲಸಕ್ಕೆ ತೆರಳಿದ ಮೇಲೆ ಉಳಿಯುವ ಒಂದು ಹೊತ್ತುಂಟು. ಓದೋಣವೆಂದರೆ ಕಣ್ಣು ಒಪ್ಪದು. ಮಲಗೋಣವೆಂದರೆ ನಿದ್ರೆ ಬಾರದು. ಮಾತನಾಡೋಣವೆಂದರೆ ಜತೆಗೆ ಜನವಿಲ್ಲ. ಆ ಹೊತ್ತು ಎಂತಹುದೆಂಬುದನ್ನು ವಾಚಕರಾದ ತಾವೂ ಬಲ್ಲಿರಿ. ಅಂತಹ ಹೊತ್ತಿಗೆಂದೇ ಮನುಷ್ಯನು ಕಂಡುಕೊಂಡ ಆಟವೊಂದಿದೆ. ಅದರ ಚರಿತ್ರೆಯನ್ನೂ ಆಡುವ ಕ್ರಮವನ್ನೂ ಇಲ್ಲಿ ನಿವೇದಿಸಬೇಕೆಂದಿದ್ದೇನೆ. ಇಂಗ್ಲೆಂಡಿನವರು ಅದನ್ನು ಪೇಷನ್ಸ್ ಎನ್ನುತ್ತಾರೆ, ಎಂದರೆ ತಾಳ್ಮೆ. ಅಮೆರಿಕದವರು ಸಾಲಿಟೇರ್ ಎನ್ನುತ್ತಾರೆ, ಎಂದರೆ ಒಂಟಿಯಾಟ. ಎರಡು ಹೆಸರೂ ಸಾರ್ಥಕವಾದುವೇ.

ಆದರೆ ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ನಾನು ವೃತ್ತಿಯಿಂದ ಪ್ರೌಢಶಾಲೆಯ ಕನ್ನಡ ಪಂಡಿತ. ಧರ್ಮರಾಯನು ಜೂಜಾಡಿ ರಾಜ್ಯ ಕಳೆದ ಪ್ರಸಂಗವನ್ನು ಎಷ್ಟೋ ವರ್ಷ ಹುಡುಗರಿಗೆ ಪಾಠ ಹೇಳಿದವನು. ಋಗ್ವೇದದ ಹತ್ತನೆಯ ಮಂಡಲದಲ್ಲಿಯೂ ಜೂಜುಗಾರನ ಗೋಳನ್ನು ಹೇಳುವ ಅಕ್ಷಸೂಕ್ತವೊಂದುಂಟು. ಇವುಗಳನ್ನೇ ಓದಿ ಬೆಳೆದ ನನಗೆ ಇಸ್ಪೀಟೆಂದರೆ ಜೂಜು, ಜೂಜೆಂದರೆ ಸಪ್ತವ್ಯಸನಗಳಲ್ಲಿ ಒಂದು, ಇಷ್ಟೇ ತಿಳಿದಿದ್ದುದು.

ನಮ್ಮ ತೀರ್ಥರೂಪರು ರೈಲ್ವೆಯಲ್ಲಿ ಕೆಲಸಕ್ಕಿದ್ದವರು. ಆಗಿನ ಮೀಟರ್ ಗೇಜ್ ಹಳಿಯ ಸಣ್ಣ ನಿಲ್ದಾಣಗಳಲ್ಲಿ ರಾತ್ರಿಪಾಳಿಯೆಂದರೆ, ಒಂದು ಗೂಡ್ಸ್ ಗಾಡಿ ಹೋದಮೇಲೆ ಇನ್ನೊಂದು ಬರುವವರೆಗೆ ಕಂದೀಲು, ಗಡಿಯಾರ ಮತ್ತು ತಾವು, ಈ ಮೂವರೇ. ಆ ರಾತ್ರಿಗಳಲ್ಲಿ ಜತೆಯ ನೌಕರರೊಬ್ಬರಿಂದ ಅವರು ಈ ಒಂಟಿಯಾಟವನ್ನು ಕಲಿತರು. ನಿವೃತ್ತರಾಗಿ ನಮ್ಮಲ್ಲಿಗೆ ಬಂದ ಎರಡನೆಯ ವರ್ಷ ತಾಯಿಯವರು ತೀರಿಕೊಂಡರು. ಅಲ್ಲಿಂದಾಚೆಗೆ ತೀರ್ಥರೂಪರು ದಿನವೂ ಮಧ್ಯಾಹ್ನ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು ಎಲೆಗಳನ್ನು ಏಳು ಸಾಲಾಗಿ ಹಾಕಿಕೊಳ್ಳತೊಡಗಿದರು. ನನಗೆ ಅದು ಸರಿಬೀಳಲಿಲ್ಲ. ಒಂದು ದಿನ ಅವರ ಎದುರಿಗೆ ನಿಂತು, "ಅಣ್ಣ, ಮಕ್ಕಳು ಓದುವ ಮನೆ. ಇದೆಲ್ಲ ಇಲ್ಲಿ ಬೇಡ" ಎಂದುಬಿಟ್ಟೆ. ನಾವು ತಂದೆಯವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಅವರು ತಲೆಯೆತ್ತಿ ನನ್ನನ್ನು ನೋಡಿ, "ಆಗಲಪ್ಪ" ಎಂದರು. ಎಲೆಗಳನ್ನು ಒಟ್ಟುಮಾಡಿ, ದಾರ ಸುತ್ತಿ, ಟ್ರಂಕಿನಲ್ಲಿಟ್ಟರು. ಎರಡು ವರ್ಷ ಆ ಕಟ್ಟು ಹೊರಗೆ ಬರಲಿಲ್ಲ. ಆ ಎರಡು ವರ್ಷದ ಮಧ್ಯಾಹ್ನಗಳನ್ನು ಅವರು ಹೇಗೆ ಕಳೆದರೆಂದು ನಾನು ಕೇಳಲೂ ಇಲ್ಲ.

ಆಮೇಲೊಂದು ಮಳೆಗಾಲದಲ್ಲಿ ಹಿತ್ತಲ ಪಾಚಿಯ ಮೇಲೆ ಜಾರಿ ಬಿದ್ದು ನನ್ನ ಬಲಗಾಲಿನ ಮೂಳೆ ಮುರಿಯಿತು. ಆರು ವಾರ ಹಾಸಿಗೆಯೇ ಗತಿಯಾಯಿತು. ಹತ್ತನೆಯ ದಿನವೋ ಏನೋ, ತೀರ್ಥರೂಪರು ಟ್ರಂಕಿನಿಂದ ಆ ಕಟ್ಟನ್ನು ತೆಗೆದುಕೊಂಡು ಬಂದು ನನ್ನ ಮಂಚದ ಮೇಲೆ ಇಟ್ಟರು. "ಕಾಲಿಗೆ ಕೆಲಸ ಇಲ್ಲದಾಗ ಕೈಗೆ ಕೊಡಬೇಕು. ಎದ್ದು ಕೂತ್ಕೊ, ಹೇಳಿಕೊಡ್ತೀನಿ" ಎಂದರು. ಹಿಂದಿನ ಮಾತನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೀಗೆ ಕಲಿತ ಆಟ ಇದು. ಕಲಿತಮೇಲೆ, ಪಂಡಿತನ ಚಾಳಿಯಂತೆ, ಇದರ ಮೂಲವನ್ನು ಹುಡುಕಿಕೊಂಡು ಹೊರಟೆ. ಸಿಕ್ಕಿದುದನ್ನು ಈಗ ತಮ್ಮ ಮುಂದಿಡುತ್ತೇನೆ.

ಮೊದಲು ಎಲೆಗಳ ವಿಷಯ. ಇಸ್ಪೀಟೆಲೆಗಳು ಯೂರೋಪಿನಲ್ಲಿ ಹುಟ್ಟಿದವೆಂದು ನಾವು ಭಾವಿಸುವುದುಂಟು. ಹಾಗಲ್ಲ. ಅವು ಅಲ್ಲಿಗೆ ಪೂರ್ವದಿಕ್ಕಿನಿಂದ ಬಂದವು. ೧೩೭೭ನೆಯ ಇಸವಿಯಲ್ಲಿ ಇಟಲಿಯ ಫ್ಲಾರೆನ್ಸ್ ನಗರದವರು 'ನಾಯಿಬ್ಬೆ' ಎಂಬ ಹೊಸ ಆಟವೊಂದು ಊರಿಗೆ ಬಂದಿದೆಯೆಂದು ಹೇಳಿ ಅದಕ್ಕೆ ಕಟ್ಟಳೆ ವಿಧಿಸಿದರು. ಈ ಹೆಸರಿನ ಬೇರು ಅರಬ್ಬೀ ಭಾಷೆಯ 'ನಾಯಿಬ್' ಎಂಬ ಪದ. ಎಂದರೆ ಪ್ರತಿನಿಧಿ, ರಾಜನ ಕೈಕೆಳಗಿನ ಅಧಿಕಾರಿ. ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕ್ ಸುಲ್ತಾನರ ಕಾಲದ ಎಲೆಗಳು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಉಳಿದುಕೊಂಡಿವೆ. ಬಟ್ಟಲು, ನಾಣ್ಯ, ಕತ್ತಿ, ಚೆಂಡಾಟದ ಕೋಲು ಎಂದು ನಾಲ್ಕು ಜಾತಿ; ಜಾತಿಗೆ ಹದಿಮೂರು ಎಲೆ; ಒಟ್ಟು ೫೨. ಪ್ರತಿಯೊಂದು ಜಾತಿಯಲ್ಲಿಯೂ ಒಬ್ಬ ರಾಜ, ಒಬ್ಬ ನಾಯಿಬ, ಒಬ್ಬ ಕಿರಿಯ ನಾಯಿಬ. ಇಂದು ನಮ್ಮ ಕೈಯಲ್ಲಿರುವ ಕಟ್ಟಿನ ಲೆಕ್ಕವೂ ಇದೇ. ಅಲ್ಲಿ ನಾಯಿಬನಾಗಿದ್ದವನ ಜಾಗದಲ್ಲಿ ನಮ್ಮ ಆಡುಮಾತಿನಲ್ಲಿ ಗುಲಾಮ ಕುಳಿತಿದ್ದಾನೆ. ಮಾಮ್ಲೂಕ್ ಎಂಬ ಪದಕ್ಕೂ ಕೊಂಡುತಂದ ಆಳು ಎಂದೇ ಅರ್ಥ. ಆಳಾಗಿ ಬಂದವರು ಅಲ್ಲಿ ಅರಸರಾದರು. ಕಾಕತಾಳೀಯವಾದರೂ ಸ್ವಾರಸ್ಯವಾಗಿದೆ, ಅಲ್ಲವೆ?

ಈಗ ಬಳಕೆಯಲ್ಲಿರುವ ನಾಲ್ಕು ಚಿಹ್ನೆಗಳು ಫ್ರಾನ್ಸಿನವು. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡವು. ಎರಡು ಕೆಂಪು, ಎರಡು ಕಪ್ಪು, ಸರಳವಾದ ಆಕಾರ, ಅಚ್ಚೊತ್ತುವುದು ಸುಲಭ. ಆದುದರಿಂದಲೇ ಅವು ಲೋಕವನ್ನೆಲ್ಲ ವ್ಯಾಪಿಸಿದವು. ನಮ್ಮಲ್ಲಿ ಅವುಗಳಿಗೆ ಇಸ್ಪೀಟು, ಆಟೀನು, ಕಳಾವರ, ಡೈಮನ್ ಎಂಬ ಹೆಸರುಗಳು ನಿಂತಿವೆ. ಇವುಗಳಲ್ಲಿ ಇಸ್ಪೀಟೆಂಬುದು ಒಂದು ಜಾತಿಯ ಹೆಸರೂ ಹೌದು, ಇಡೀ ಆಟದ ಹೆಸರೂ ಹೌದು.

ಈ ಎಲೆಗಳು ಬರುವುದಕ್ಕೆ ಮೊದಲು ನಮ್ಮ ದೇಶದಲ್ಲಿ ಎಲೆಯಾಟವೇ ಇರಲಿಲ್ಲವೆಂದು ತಿಳಿಯಬಾರದು. ಗಂಜೀಫಾ ಎಂಬ ಆಟವನ್ನು ತಾವು ಕೇಳಿರಬಹುದು. ಬಾಬರನು ೧೫೨೭ರಲ್ಲಿ ಸಿಂಧದಲ್ಲಿದ್ದ ಸ್ನೇಹಿತನೊಬ್ಬನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ವಿಷಯವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿ ಹನ್ನೆರಡು ಜಾತಿಗಳ, ಒಟ್ಟು ೧೪೪ ಎಲೆಗಳ ಕಟ್ಟಿನ ವಿವರಣೆಯಿದೆ. ಹಿಂದೂ ಚಿತ್ರಗಾರರ ಕೈಗೆ ಬಂದಾಗ ಅದೇ ಆಟ ದಶಾವತಾರವಾಯಿತು: ಮತ್ಸ್ಯ ಕೂರ್ಮ ಮೊದಲ್ಗೊಂಡು ಹತ್ತು ಜಾತಿ, ೧೨೦ ದುಂಡನೆಯ ಎಲೆ.

ಇದರಲ್ಲಿ ಮೈಸೂರಿನ ಪಾಲು ಹಿರಿದು. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ಆಟಗಳ ವಿಷಯದಲ್ಲಿ ಅದ್ಭುತವಾದ ಆಸಕ್ತಿಯುಳ್ಳವರು. ೧೮೩೧ರಲ್ಲಿ ಆಂಗ್ಲರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಆಳುವ ಕೆಲಸ ತಪ್ಪಿದ ಅರಸರು ಸಾಹಿತ್ಯ, ಸಂಗೀತ, ಚಿತ್ರಕಲೆಗಳನ್ನು ಪೋಷಿಸಿಕೊಂಡು ಬಂದರು. ಆಟಗಳನ್ನೂ ಶಾಸ್ತ್ರದಂತೆ ಅಭ್ಯಾಸ ಮಾಡಿದರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಆಟಗಳಿಗೆ ಮೀಸಲು. 'ಚದ' ಎಂದು ಕರೆಯಲ್ಪಡುವ ಎಲೆಯಾಟಗಳು ಅಲ್ಲಿ ನಿರೂಪಿತವಾಗಿವೆ; ಚಿಕ್ಕ ಕಟ್ಟಿಗೆ ೩೬ ಎಲೆ, ದೊಡ್ಡದಕ್ಕೆ ೩೬೦. ಚದುರಂಗದ ಕುದುರೆಯು ೬೪ ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ಬಂಧಗಳನ್ನೂ ಅವರು ರಚಿಸಿದರು. ನಮ್ಮ ಆಲಂಕಾರಿಕರು ಇದನ್ನೇ ಚಿತ್ರಕಾವ್ಯದಲ್ಲಿ ತುರಗಪದವೆಂದು ಕರೆದರು. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿ ಅದಕ್ಕೆ ಉದಾಹರಣೆಯಿದೆ. ಗಮನಿಸಿ: ಕುದುರೆಯನ್ನು ಹೀಗೆ ನಡೆಸುವವನಿಗೆ ಎದುರಾಳಿಯಿಲ್ಲ. ಅದೂ ಒಂಟಿಯಾಟವೇ. ದಕ್ಷಿಣದೇಶದ ಹೆಂಗಸರ ಅಳಗುಳಿಮಣೆಯಲ್ಲಿಯೂ ಒಬ್ಬರೇ ಆಡುವ ಬಗೆಯುಂಟು; ಸೀತಾದೇವಿಯು ಅಶೋಕವನದಲ್ಲಿ ಹಾಗೆ ಆಡಿ ಹೊತ್ತು ಕಳೆದಳೆಂದು ಜನ ಹೇಳುತ್ತಾರೆ. ಒಂಟಿತನ ಹೊಸದಲ್ಲ, ಅದಕ್ಕೆ ಮದ್ದಾಗಿ ಆಟವನ್ನು ಹೂಡುವುದೂ ಹೊಸದಲ್ಲ.

ಇನ್ನು ಪೇಷನ್ಸ್ ಆಟದ ಹುಟ್ಟು. ಎಲೆಗಳು ಯೂರೋಪಿಗೆ ಬಂದು ನಾಲ್ಕುನೂರು ವರ್ಷಗಳಾದರೂ ಒಬ್ಬನೇ ಕುಳಿತು ಆಡುವ ಕ್ರಮವನ್ನು ಯಾರೂ ಬರೆದಿಡಲಿಲ್ಲ. ಅದರ ಮೊದಲ ಉಲ್ಲೇಖಗಳು ಹದಿನೆಂಟನೆಯ ಶತಮಾನದ ಕೊನೆಯ ಭಾಗದ ಜರ್ಮನ್ ಆಟದ ಪುಸ್ತಕದಲ್ಲಿ ದೊರೆಯುತ್ತವೆ. ಇಂತಹ ಆಟಗಳನ್ನೇ ಒಟ್ಟುಗೂಡಿಸಿದ ಹಳೆಯ ಸಂಕಲನ ರಷ್ಯದ್ದು; ೧೮೨೬ರಲ್ಲಿ ಮಾಸ್ಕೋ ನಗರದಲ್ಲಿ ಅಚ್ಚಾಯಿತು. ಯುದ್ಧ ಮತ್ತು ಶಾಂತಿಯನ್ನು ಬರೆದ ಟಾಲ್‌ಸ್ಟಾಯ್ ಮಹಾಶಯನೂ ಈ ಆಟಕ್ಕೆ ಒಲಿದವನೇ. ಡೆನ್ಮಾರ್ಕ್, ನಾರ್ವೆ ದೇಶಗಳಲ್ಲಿ ಈ ಆಟಕ್ಕೆ 'ಕಬಾಲೆ' ಎನ್ನುತ್ತಾರೆ. ಗೂಢವಿದ್ಯೆ ಎಂಬರ್ಥದ ಪದಕ್ಕೆ ಸಂಬಂಧಿಸಿದ್ದು. ಫ್ರೆಂಚರು 'ರೆಯುಸ್ಸಿತ್' ಎಂದೂ ಹೇಳುತ್ತಾರೆ, ಎಂದರೆ ಕಾರ್ಯಸಿದ್ಧಿ. ಈ ಹೆಸರುಗಳಿಂದ ಒಂದು ಊಹೆಗೆ ಎಡೆಯಾಗುತ್ತದೆ. ಮೊದಮೊದಲು ಜನ ಎಲೆ ಹಾಕಿದ್ದು ಶಕುನ ನೋಡುವುದಕ್ಕಾಗಿ ಇರಬಹುದು: ಆಟ ಕೂಡಿಬಂದರೆ ನೆನೆದ ಕಾರ್ಯ ಕೈಗೂಡುತ್ತದೆ, ಇಲ್ಲದಿದ್ದರೆ ಇಲ್ಲ. ದೇವರ ಮುಂದೆ ಹೂಪ್ರಸಾದ ಕೇಳುವ ನಮ್ಮ ಜನರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ನೆಪೋಲಿಯನ್ ಚಕ್ರವರ್ತಿಯು ಸೇಂಟ್ ಹೆಲೀನಾ ದ್ವೀಪದಲ್ಲಿ ಸೆರೆಯಾಗಿದ್ದಾಗ (೧೮೧೫-೧೮೨೧) ಈ ಆಟವನ್ನು ಕಂಡುಹಿಡಿದನೆಂಬ ಮಾತು ಬಹಳ ಪ್ರಚಾರದಲ್ಲಿದೆ. ಅವನ ಹೆಸರು ಹೊತ್ತ ಪೇಷನ್ಸ್ ಆಟಗಳೂ ಹಲವು. ಆದರೆ ಅವನು ಸೆರೆಗೆ ಹೋಗುವ ಮೊದಲೇ ಈ ಆಟದ ವಿವರಣೆ ಅಚ್ಚಾಗಿತ್ತೆಂಬುದನ್ನು ನೋಡಿದೆವಷ್ಟೆ. ಆದುದರಿಂದ ಇದು ಕಟ್ಟುಕಥೆ. ರಾಜ್ಯ ಕಳೆದುಕೊಂಡ ಚಕ್ರವರ್ತಿ, ಸುತ್ತಲೂ ಸಮುದ್ರ, ಎದುರಿಗೆ ಇಸ್ಪೀಟಿನ ನಾಲ್ವರು ರಾಜರು! ಈ ಚಿತ್ರ ಜನಮನಸ್ಸಿಗೆ ಹಿಡಿಸಿತು, ಕಥೆ ನಿಂತಿತು.

ಇಂಗ್ಲೆಂಡಿನಲ್ಲಿ ಈ ಆಟವನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಲೇಡಿ ಅಡಿಲೇಡ್ ಕ್ಯಾಡೊಗನ್ ಎಂಬಾಕೆ ಮುಖ್ಯಳು. ೧೮೭೦ರ ದಶಕದಲ್ಲಿ ಆಕೆಯ ಸಚಿತ್ರ ಪುಸ್ತಕ ಹೊರಬಂದಿತು. ಆ ಪುಸ್ತಕಕ್ಕೆ ಎಷ್ಟು ಹೆಸರಾಯಿತೆಂದರೆ, ಪೇಷನ್ಸ್ ಆಟದ ಯಾವ ಪುಸ್ತಕವನ್ನಾದರೂ ಜನ ಕ್ಯಾಡೊಗನ್ ಎಂದೇ ಕರೆಯುವಂತಾಯಿತು. ಮೇರಿ ವಿಟ್ಮೋರ್ ಜೋನ್ಸ್ ಎಂಬ ಇನ್ನೊಬ್ಬಾಕೆ ಆ ಶತಮಾನದ ಕೊನೆಯಲ್ಲಿ ಒಂದರ ಮೇಲೊಂದರಂತೆ ಹಲವು ಸಂಪುಟಗಳನ್ನು ಹೊರತಂದಳು. ಬರೆದವರೂ ಓದಿದವರೂ ಬಹುಮಟ್ಟಿಗೆ ಮನೆಯಲ್ಲಿ ಕಟ್ಟಾಗಿದ್ದ ಹೆಂಗಸರು. ಚಾರ್ಲ್ಸ್ ಡಿಕನ್ಸನು ಇದಕ್ಕಿಂತ ಮೊದಲೇ, ೧೮೬೧ರಲ್ಲಿ ಮುಗಿಸಿದ ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್ ಕಾದಂಬರಿಯಲ್ಲಿ, ಗಡೀಪಾರಾಗಿದ್ದ ಕೈದಿಯೊಬ್ಬ ಕದ್ದು ಲಂಡನ್ನಿಗೆ ಮರಳಿ, ಕೋಣೆಯೊಳಗೆ ಅಡಗಿ, ಹರಿದ ಎಲೆಗಳಿಂದ ಪೇಷನ್ಸ್ ಆಡುವುದನ್ನು ಚಿತ್ರಿಸಿದ್ದಾನೆ. ಹೊರಗೆ ಕಾಲಿಟ್ಟರೆ ಗಲ್ಲು, ಒಳಗೆ ಇಸ್ಪೀಟು.

ಇಂತಹ ಆಟಗಳು ನೂರಾರು. ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು, ನಮ್ಮ ತೀರ್ಥರೂಪರು ಆಡುತ್ತಿದ್ದುದು, ಏಳು ಸಾಲಿನದು. ಇದಕ್ಕೆ ಕ್ಲಾಂಡೈಕ್ ಎಂದು ಹೆಸರು. ಕ್ಲಾಂಡೈಕ್ ಎಂಬುದು ಕೆನಡಾ ದೇಶದ ವಾಯವ್ಯ ಮೂಲೆಯಲ್ಲಿರುವ ಒಂದು ನದಿ. ೧೮೯೬ರ ಆಗಸ್ಟಿನಲ್ಲಿ ಅದರ ಉಪನದಿಯೊಂದರಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಜುಲೈನಲ್ಲಿ ಚಿನ್ನ ಹೊತ್ತ ಹಡಗುಗಳು ಅಮೆರಿಕದ ಬಂದರುಗಳಿಗೆ ಬಂದಾಗ ದೇಶಕ್ಕೆ ದೇಶವೇ ಮರುಳಾಯಿತು. ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟು ಹೊರಟರು. ಒಬ್ಬೊಬ್ಬನೂ ಒಂದು ವರ್ಷಕ್ಕಾಗುವಷ್ಟು ಆಹಾರವನ್ನು ತರದಿದ್ದರೆ ಗಡಿಯಲ್ಲಿ ಒಳಕ್ಕೆ ಬಿಡುತ್ತಿರಲಿಲ್ಲ. ಆ ಹೊರೆಯನ್ನು ಹಿಮದ ಕಣಿವೆಯ ಮೇಲೆ ಹತ್ತಾರು ಸಲ ಹತ್ತಿ ಇಳಿದು ಸಾಗಿಸಬೇಕಾಗಿತ್ತು. ತಲಪಿದವರು ಮೂವತ್ತು ನಲವತ್ತು ಸಾವಿರ. ಚಿನ್ನ ಕಂಡವರು ಅವರಲ್ಲಿ ಕೆಲವರು ಮಾತ್ರ. ಆ ಹುಚ್ಚಿನ ಕಾಲದ ಹೆಸರೇ ಈ ಆಟಕ್ಕೆ ಅಂಟಿಕೊಂಡಿತು. ಮಣ್ಣಿನ ಪದರದಂತೆ ಮುಚ್ಚಿದ ಎಲೆಗಳನ್ನು ಒಂದೊಂದಾಗಿ ಬಗೆದು, ಕೆಳಗಿರುವ ಎಕ್ಕಕ್ಕಾಗಿ ಹುಡುಕುವ ಆಟಕ್ಕೆ ಆ ಹೆಸರು ಒಪ್ಪುತ್ತದೆ.

ಈಗ ಆಡುವ ಕ್ರಮ. ಒಂದು ಕಟ್ಟು ತೆಗೆದುಕೊಳ್ಳಿ. ಜೋಕರುಗಳನ್ನು ಬದಿಗಿಡಿ, ೫೨ ಎಲೆ ಉಳಿಯಬೇಕು. ಚೆನ್ನಾಗಿ ಕಲಸಿ. ಎಡದಿಂದ ಬಲಕ್ಕೆ ಏಳು ಸಾಲು ಹಾಕಿ. ಮೊದಲನೆಯ ಸಾಲಿಗೆ ಒಂದು ಎಲೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ಹೀಗೆ ಏಳನೆಯದಕ್ಕೆ ಏಳು. ಪ್ರತಿ ಸಾಲಿನ ಮೇಲಿನ ಎಲೆಯೊಂದು ಮಾತ್ರ ತೆರೆದಿರಬೇಕು, ಉಳಿದವು ಕವುಚಿರಬೇಕು. ಒಟ್ಟು ೨೮ ಎಲೆ ಕೆಳಗೆ ಬಂದವು. ಅವುಗಳಲ್ಲಿ ಏಳು ತೆರೆದವು, ೨೧ ಮುಚ್ಚಿದವು. ಕೈಯಲ್ಲಿ ಉಳಿದ ೨೪ ಎಲೆಗಳನ್ನು ಕವುಚಿ ಒಂದು ಪಕ್ಕಕ್ಕಿಡಿ. ಇದನ್ನು ಉಳಿಕೆ ಕಟ್ಟು ಎನ್ನೋಣ. ಸಾಲುಗಳ ಮೇಲ್ಗಡೆ ನಾಲ್ಕು ಎಲೆಗಳಿಗಾಗುವಷ್ಟು ಜಾಗ ಬಿಡಿ. ಇವು ನಾಲ್ಕು ಜಾತಿಗಳ ಪೀಠಗಳು.

ಆಟದ ಗುರಿ ಇಷ್ಟೆ: ಒಂದೊಂದು ಪೀಠದ ಮೇಲೂ ಒಂದೊಂದು ಜಾತಿಯ ಎಲೆಗಳನ್ನು ಎಕ್ಕದಿಂದ ಮೊದಲುಮಾಡಿ, ಎರಡು, ಮೂರು, ನಾಲ್ಕು ಎಂದು ಏರಿಸುತ್ತ, ಗುಲಾಮ, ರಾಣಿ, ರಾಜನವರೆಗೆ ಕೂಡಿಸಬೇಕು. ನಾಲ್ವರು ರಾಜರೂ ಮೇಲೆ ಕುಳಿತರೆ ಆಟ ಗೆದ್ದಂತೆ.

ಸಾಲುಗಳಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಅಲ್ಲಿ ಎಲೆಗಳನ್ನು ಇಳಿಸುತ್ತ ಜೋಡಿಸಬೇಕು; ಬಣ್ಣವೂ ಒಂದು ಬಿಟ್ಟು ಒಂದಾಗಬೇಕು. ಕಪ್ಪು ಹತ್ತರ ಮೇಲೆ ಕೆಂಪು ಒಂಬತ್ತು, ಅದರ ಮೇಲೆ ಕಪ್ಪು ಎಂಟು. ಇಸ್ಪೀಟಿನ ಹತ್ತರ ಮೇಲೆ ಆಟೀನಿನ ಒಂಬತ್ತೂ ಆಗಬಹುದು, ಡೈಮನಿನ ಒಂಬತ್ತೂ ಆಗಬಹುದು. ಕಳಾವರದ ಒಂಬತ್ತು ಆಗದು. ಹೀಗೆ ಜೋಡಣೆಯಾದ ತೆರೆದ ಎಲೆಗಳನ್ನು ಒಟ್ಟಾಗಿ ಎತ್ತಿ, ಸರಿಹೊಂದುವ ಇನ್ನೊಂದು ಸಾಲಿಗೆ ಸಾಗಿಸಬಹುದು. ತೆರೆದ ಎಲೆ ಹೋದಮೇಲೆ ಅದರ ಕೆಳಗಿನ ಮುಚ್ಚಿದ ಎಲೆಯನ್ನು ತಿರುವಿ ತೆರೆಯಬೇಕು. ಒಂದು ಸಾಲು ಪೂರ್ತಿ ಬರಿದಾದರೆ, ಆ ಜಾಗಕ್ಕೆ ರಾಜನಾಗಲಿ ರಾಜನಿಂದ ಮೊದಲಾಗುವ ಜೋಡಣೆಯಾಗಲಿ ಮಾತ್ರ ಬರಬಹುದು. ಬರಿದಾದ ಸಿಂಹಾಸನಕ್ಕೆ ಬೇರೆಯವರು ಏರುವಂತಿಲ್ಲ.

ಸಾಲುಗಳಲ್ಲಿ ನಡೆ ಸಿಕ್ಕದಿದ್ದಾಗ ಉಳಿಕೆ ಕಟ್ಟಿನಿಂದ ಎಲೆ ತಿರುವಬೇಕು. ಇದಕ್ಕೆ ಎರಡು ಸಂಪ್ರದಾಯಗಳುಂಟು. ಮೂರು ಮೂರಾಗಿ ತಿರುವಿ, ಮೇಲೆ ಕಾಣುವ ಎಲೆಯನ್ನು ಮಾತ್ರ ಬಳಸುವುದು ಒಂದು. ಇದರಲ್ಲಿ ಕಟ್ಟು ಮುಗಿದಾಗ ಕಲಸದೆ ಮತ್ತೆ ಕವುಚಿಕೊಂಡು ಎಷ್ಟು ಸಲವಾದರೂ ತಿರುವಬಹುದು. ಒಂದೊಂದೇ ಎಲೆ ತಿರುವಿ, ಕಟ್ಟನ್ನು ಒಂದೇ ಸುತ್ತು ನೋಡುವುದು ಇನ್ನೊಂದು. ತಿರುವಿದ ಎಲೆ ಪೀಠಕ್ಕೂ ಹೋಗಬಹುದು, ಸಾಲಿಗೂ ಹೋಗಬಹುದು. ಹೊಸಬರು ಮೊದಲನೆಯ ಸಂಪ್ರದಾಯದಿಂದ ಆರಂಭಿಸುವುದು ಮೇಲು.

ತೀರ್ಥರೂಪರು ಹೇಳಿಕೊಟ್ಟ ಕೆಲವು ಕಿವಿಮಾತುಗಳು ಇವು. ಎಕ್ಕವೂ ಎರಡೂ ಕಂಡಕೂಡಲೆ ಪೀಠಕ್ಕೆ ಕಳುಹಿಸಿ. ಅವುಗಳಿಂದ ಸಾಲಿನಲ್ಲಿ ಉಪಯೋಗವಿಲ್ಲ. ಎರಡು ನಡೆ ಕಂಡಾಗ, ಹೆಚ್ಚು ಎಲೆ ಮುಚ್ಚಿರುವ ಸಾಲನ್ನು ಬಿಡಿಸುವ ನಡೆಯನ್ನು ಆರಿಸಿ. ಕೂರಿಸುವುದಕ್ಕೆ ರಾಜನಿಲ್ಲದೆ ಸಾಲನ್ನು ಬರಿದುಮಾಡಬೇಡಿ. ಐದು ಆರು ಏಳುಗಳನ್ನು ಪೀಠಕ್ಕೆ ಏರಿಸಲು ಆತುರಪಡಬೇಡಿ. ಅವುಗಳ ಮೇಲೆ ಕೂರಿಸಬೇಕಾದ ಎಲೆ ಹಿಂದೆ ಬರುತ್ತಿರಬಹುದು. ಉಳಿಕೆ ಕಟ್ಟಿಗೆ ಕೈಹಾಕುವ ಮುನ್ನ ಏಳು ಸಾಲನ್ನೂ ಇನ್ನೊಮ್ಮೆ ನೋಡಿ.

ಇಷ್ಟಾದರೂ ಆಟ ಕೂಡಿಬರದೆ ನಿಲ್ಲುವುದೇ ಹೆಚ್ಚು. ಹಾಗೆ ನಿಂತ ಆಟವೊಂದು ವಿಜ್ಞಾನದ ದಾರಿಯನ್ನೇ ತಿರುಗಿಸಿದ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಸ್ಟಾನಿಸ್ಲಾವ್ ಉಲಾಮ್ ಎಂಬಾತ ಪೋಲೆಂಡಿನಿಂದ ಅಮೆರಿಕಕ್ಕೆ ಹೋದ ಗಣಿತಜ್ಞ. ೧೯೪೬ರಲ್ಲಿ ಆತನಿಗೆ ಮಿದುಳಿನ ಉರಿಯೂತದ ಕಾಯಿಲೆಯಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಚೇತರಿಸಿಕೊಳ್ಳುವಾಗ ಹಾಸಿಗೆಯಲ್ಲಿ ಕುಳಿತು ಕ್ಯಾನ್‌ಫೀಲ್ಡ್ ಎಂಬ ಒಂಟಿಯಾಟವನ್ನು ಆಡುತ್ತಿದ್ದ. ಅದು ಕ್ಲಾಂಡೈಕಿನ ಹತ್ತಿರದ ನೆಂಟ. ಆಡುತ್ತ ಆಡುತ್ತ, ಈ ಆಟ ಕೂಡಿಬರುವ ಸಂಭವವೆಷ್ಟು ಎಂಬ ಪ್ರಶ್ನೆ ಅವನಿಗೆ ಹೊಳೆಯಿತು. ಸೂತ್ರದಿಂದ ಲೆಕ್ಕಹಾಕಲು ನೋಡಿದ, ಸಾಧ್ಯವಾಗಲಿಲ್ಲ. ೫೨ ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆಯನ್ನು ಬರೆದರೆ ೬೮ ಅಂಕಿ ಉದ್ದವಾಗುತ್ತದೆ! ಆಗ ಅವನಿಗೆ ತೋಚಿದ ಉಪಾಯ ಸರಳವಾದದ್ದು: ಸೂತ್ರ ಬೇಡ, ನೂರು ಸಲ ಆಡಿ ಎಷ್ಟು ಸಲ ಗೆದ್ದೆವೆಂದು ಎಣಿಸಿದರಾಯಿತು. ಆಗತಾನೆ ಬಂದಿದ್ದ ಗಣಕಯಂತ್ರದಿಂದ ಇದನ್ನು ವೇಗವಾಗಿ ಮಾಡಿಸಬಹುದೆಂದು ಯೋಚಿಸಿ, ಜಾನ್ ಫಾನ್ ನಾಯ್ಮನ್ ಎಂಬ ಮಹಾಗಣಿತಜ್ಞನೊಡನೆ ಚರ್ಚಿಸಿದ. ಹೀಗೆ ಹುಟ್ಟಿದ ಪದ್ಧತಿಗೆ ಜೂಜಿನ ಊರಾದ ಮಾಂಟೆ ಕಾರ್ಲೋ ಎಂಬ ಹೆಸರನ್ನೇ ಇಟ್ಟರು. ಮೊದಲು ಅದು ಬಳಕೆಯಾದದ್ದು ಅಣ್ವಸ್ತ್ರದ ಲೆಕ್ಕಕ್ಕೆ ಎಂಬುದನ್ನು ಮರೆಮಾಚಬಾರದು. ಆದರೆ ಅದೇ ಪದ್ಧತಿ ಈಗ ಕ್ಯಾನ್ಸರ್ ರೋಗಿಗೆ ಕೊಡುವ ವಿಕಿರಣದ ಪ್ರಮಾಣವನ್ನು ಲೆಕ್ಕಮಾಡುವುದಕ್ಕೂ ನೆರವಾಗುತ್ತಿದೆ.

ಇದನ್ನು ಓದಿದಾಗ ನನಗೆ ನಳೋಪಾಖ್ಯಾನ ನೆನಪಿಗೆ ಬಂದಿತು. ನಮ್ಮ ಕನಕದಾಸರು ನಳಚರಿತ್ರೆಯಾಗಿ ಹಾಡಿದ ಕಥೆ ಅದು. ಜೂಜಿನಲ್ಲಿ ಸರ್ವಸ್ವವನ್ನೂ ಸೋತು ಬಾಹುಕನಾಗಿ ರಥ ಹೊಡೆಯುತ್ತಿದ್ದ ನಳನಿಗೆ, ಋತುಪರ್ಣ ರಾಜನು ದಾರಿಯಲ್ಲಿ ಒಂದು ತಾರೆಮರವನ್ನು ನೋಡಿದಷ್ಟರಿಂದಲೇ ಅದರ ಎಲೆಗಳನ್ನೂ ಕಾಯಿಗಳನ್ನೂ ಎಣಿಸಿ ಹೇಳಿದನೆಂದು ಮಹಾಭಾರತದ ವನಪರ್ವದಲ್ಲಿದೆ. ಆ ಎಣಿಕೆಯ ವಿದ್ಯೆಯೂ ಅಕ್ಷಹೃದಯವೂ ಅವನಲ್ಲಿ ಜತೆಯಾಗಿದ್ದವು. ಅದನ್ನು ಕಲಿತ ಮೇಲೆಯೇ ನಳನನ್ನು ಕಲಿಪುರುಷನು ಬಿಟ್ಟುಹೋದದ್ದು. ಜೂಜನ್ನು ತಿಳಿಯದೆ ಆಡಿದವನು ಕೆಟ್ಟ. ಎಣಿಸಲು ಕಲಿತವನು ಉಳಿದ. ಇಷ್ಟು ವರ್ಷ ಈ ಕಥೆಯನ್ನು ಬಲ್ಲ ನಾನು ಅದರ ಮೊದಲರ್ಧವನ್ನು ಮಾತ್ರ ಹಿಡಿದುಕೊಂಡು ತೀರ್ಥರೂಪರ ಎದುರಿಗೆ ನಿಂತಿದ್ದೆನಲ್ಲ!

ಈ ಆಟ ಆಮೇಲೆ ಗಣಕದ ತೆರೆಗೂ ಏರಿತು. ೧೯೯೦ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ೩.೦ ಜತೆಗೆ ಅದು ಲಕ್ಷಾಂತರ ಮನೆಗಳಿಗೂ ಕಚೇರಿಗಳಿಗೂ ಬಂದಿತು. ಅದನ್ನು ರಚಿಸಿದವನು ವೆಸ್ ಚೆರಿ ಎಂಬ ತರುಣ. ಎಲೆಗಳ ಚಿತ್ರ ಸೂಸನ್ ಕೇರ್ ಎಂಬಾಕೆಯದು. ಆಗ ಜನಕ್ಕೆ ಹೊಸದಾಗಿದ್ದ ಮೌಸ್ ಹಿಡಿದು ಎಳೆಯುವ ಕೈಚಳಕ ಈ ಆಟದಿಂದ ಅನೇಕರಿಗೆ ಅಭ್ಯಾಸವಾಯಿತು. ಕೆಲಸದ ಹೊತ್ತು ಹಾಳಾಯಿತೆಂದು ಮೇಲಧಿಕಾರಿಗಳು ಗೊಣಗಿದ್ದೂ ಉಂಟು. ಆದರೆ ಯಂತ್ರದಲ್ಲಿ ಮುಚ್ಚಿದ ಎಲೆಯನ್ನು ಎತ್ತಿ ನೋಡುವಂತಿಲ್ಲ. ಚಾಪೆಯ ಮೇಲೆ ಆಡುವವನಿಗೆ ಆ ಕಾವಲಿಲ್ಲ.

ಅದೇ ಈ ಆಟದ ನಿಜವಾದ ಪರೀಕ್ಷೆ. ಕಾಲು ಮುರಿದು ಕುಳಿತಿದ್ದಾಗ ಒಂದು ದಿನ ಆಟ ಇನ್ನೇನು ಕೂಡಿಬರುವಂತಿತ್ತು. ಒಂದು ಎಲೆ ಅಡ್ಡವಾಯಿತು. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಮುಚ್ಚಿದ ಎಲೆಯ ಮೂಲೆಯನ್ನು ಉಗುರಿನಿಂದ ಎತ್ತಿ ನೋಡಿದೆ. ಪರೀಕ್ಷೆಯ ಕೋಣೆಯಲ್ಲಿ ಪಕ್ಕದವನ ಹಾಳೆಯ ಕಡೆಗೆ ಕಣ್ಣು ಹಾಯಿಸಿದ ಹುಡುಗರನ್ನು ಎಬ್ಬಿಸಿ ನಿಲ್ಲಿಸಿದ ಕೈ ಅದು. ಬಾಗಿಲಲ್ಲಿ ತೀರ್ಥರೂಪರು ಕಾಫಿಯ ಲೋಟ ಹಿಡಿದು ನಿಂತಿದ್ದರು. ಬೈಯಲಿಲ್ಲ. "ನೋಡಿಬಿಟ್ಟೆಯಲ್ಲ, ಇನ್ನು ಅದರಲ್ಲಿ ರುಚಿ ಇಲ್ಲ. ಕಲಸಿಬಿಡು, ಹೊಸದಾಗಿ ಹಾಕು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಮ್ಮ ಹೋದಮೇಲೆ ಹೊತ್ತು ಹೋಗಬೇಕಲ್ಲಪ್ಪ" ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಎರಡು ವರ್ಷ ಕೇಳದೆ ಬಿಟ್ಟಿದ್ದ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೯ರಲ್ಲಿ ಗಣಕದಿಂದ ಲೆಕ್ಕಮಾಡಿಸಿ ಒಂದು ಸಂಗತಿಯನ್ನು ಪ್ರಕಟಿಸಿದರು. ಮುಚ್ಚಿದ ಎಲೆಗಳೆಲ್ಲ ಯಾವುವೆಂದು ಮೊದಲೇ ತಿಳಿದಿದ್ದರೆ, ಮೂರು ಮೂರು ಎಲೆ ತಿರುವುವ ಕ್ಲಾಂಡೈಕ್ ಆಟಗಳಲ್ಲಿ ನೂರಕ್ಕೆ ಸುಮಾರು ೮೨ನ್ನು ಗೆಲ್ಲಬಹುದಂತೆ. ನಾವು ಮುಚ್ಚಿದ ಎಲೆಗಳೊಡನೆ ಆಡುವಾಗ ಅದರ ಹತ್ತಿರಕ್ಕೂ ಹೋಗಲಾರೆವು. ಎಂದರೆ, ನಾವು ಸೋಲುವ ಆಟಗಳಲ್ಲಿ ಬಹಳಷ್ಟು ಸೋಲಬೇಕಾಗಿದ್ದವಲ್ಲ. ಕೆಳಗೆ ಏನಿದೆಯೆಂದು ತಿಳಿಯದೆ ಸೋತವು. ಇದನ್ನು ಓದಿದ ದಿನ ನನಗೆ ಇಸ್ಪೀಟಿನದಕ್ಕಿಂತ ಬೇರೆಯ ಯೋಚನೆಯೇ ಹೆಚ್ಚಾಯಿತು.

ತೀರ್ಥರೂಪರು ಈಗಿಲ್ಲ. ನನ್ನ ಕಾಲು ನೆಟ್ಟಗಾದ ಮೇಲೂ ನಾಲ್ಕು ವರ್ಷ ಬದುಕಿದ್ದರು. ಆ ನಾಲ್ಕು ವರ್ಷ ಪ್ರತಿ ಮಧ್ಯಾಹ್ನವೂ ನಡುಮನೆಯಲ್ಲಿ ಏಳು ಸಾಲು ಬೀಳುತ್ತಿದ್ದವು. ಭಾನುವಾರಗಳಲ್ಲಿ ನಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಹಣವಿಟ್ಟು ಆಡುವ ಇಸ್ಪೀಟು ಇಂದಿಗೂ ಮನೆ ಮುರಿಯುವ ವ್ಯಸನವೇ. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ತಮ್ಮ ಮನೆಯಲ್ಲಿ ಹಿರಿಯರೊಬ್ಬರು ಒಬ್ಬರೇ ಕುಳಿತು ಎಲೆ ಹಾಕುತ್ತಿದ್ದರೆ, ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು ಕುಳಿತುಕೊಳ್ಳಿ. ಆಟೀನಿನ ಒಂಬತ್ತು ಎಲ್ಲಿ ಹೋಗಬಹುದೆಂದು ಅವರನ್ನೇ ಕೇಳಿ. ಹೇಳಿಕೊಡುತ್ತಾರೆ.